ಯಂತ್ರದಿಂದ ಒಂದು ಸಲ ‘ಬಿಡ್ತು’ ಅನ್ನಿಸಿಕೊಡುವ ಬಗ್ಗೆ

ಇಂದ:
ಬಂಡೆಪ್ಪ,
ಕಿರಿಯ ಭಾಷಾ ಸಹಾಯಕ (ತಾತ್ಕಾಲಿಕ), ಕನ್ನಡ ವಿಭಾಗ,
ಯಂತ್ರಾನುವಾದ ಯೋಜನೆ, ತಾರ್ನಾಕ, ಹೈದರಾಬಾದು.
ಮನೆ: ಕುಷಾಯಿಗೂಡ.

ಗೆ:
ಡಾ. ವಿಶಾಲಾಕ್ಷಿ ಅವರು,
ಯೋಜನೆಯ ಮುಖ್ಯಸ್ಥರು ಹಾಗೂ ಅಧ್ಯಕ್ಷರು, ವಾಕ್ಯ ಬದಲಾವಣೆ ಸಮಿತಿ.

ಮೂಲಕ:
ಸದಸ್ಯ ಕಾರ್ಯದರ್ಶಿ, ವಾಕ್ಯ ಬದಲಾವಣೆ ಸಮಿತಿ (ಅಂದರೆ ನಾನೇ).

ದಿನಾಂಕ: ೧೩-೧೧-೧೯೯೮, ಶುಕ್ರವಾರ.

ವಿಷಯ: ನಮ್ಮ ಯಂತ್ರವು ನನ್ನ ಹೆಂಡತಿ ಶಿವದೇವಿಯ ಬಗ್ಗೆ ಆಡಿರುವ ಅಶುಭ ಮಾತಿಗೆ ಯಂತ್ರವೇ ಒಂದು ಸಲ ‘ಬಿಡ್ತು’ ಎನ್ನುವಂತೆ ಮಾಡಲು ಅನುಮತಿ ಕೋರಿ.

ಉಲ್ಲೇಖ:
೧. ಇದೇ ವಿಷಯವಾಗಿ ನಾನು ಹೋದ ವಾರ ಸಲ್ಲಿಸಿದ ಅರ್ಜಿ.
೨. ‘ಕೌಟುಂಬಿಕ ಕಾರಣ ಎಂದರೆ ಯಾವುದು ಎಂಬುದು ಸ್ಪಷ್ಟವಿಲ್ಲ’ ಎಂದು ಸದರಿ ಅರ್ಜಿಯನ್ನು ಹಿಂತಿರುಗಿಸಿ ಸದಸ್ಯ ಕಾರ್ಯದರ್ಶಿಯವರು (ನಾನು) ಅರ್ಜಿದಾರರಿಗೆ (ನನಗೆ) ಬರೆದ ಪತ್ರ.
೩. ಮನೆಯಲ್ಲಿ ಆದ ಮೌಖಿಕ ಸೂಚನೆ.

ಮಾನ್ಯರೇ,

ಉಲ್ಲೇಖ (೨)ರಲ್ಲಿ ಕೇಳಿರುವ ವಿವರಣೆ ಕೊಡದೆ ಅರ್ಜಿ ಮುಂದಕ್ಕೆ ಹೋಗುವುದಿಲ್ಲವೆಂದು ನಾನೇ ನನಗೆ ಖಂಡಿತವಾಗಿ ತಿಳಿಸಿರುವ ಕಾರಣ, ಹೇಳಬಾರದೆಂದುಕೊಂಡಿದ್ದ ಕೆಲವು ಸಂಗತಿಗಳನ್ನು ಸಂಕೋಚದಿಂದ ತಮ್ಮ ಅವಗಾಹನೆಗೆ ತರುತ್ತಿದ್ದೇನೆ. ಕಚೇರಿಯ ರೂಢಿಯಂತೆ ಇದನ್ನು ಟೈಪು ಮಾಡಿ, ಸಮಿತಿಯ ಮೂರನೆಯ ಸದಸ್ಯರಾದ ಶ್ರೀ ನರಸಿಂಗರಾವ್ ಅವರ ಅನುಕೂಲಕ್ಕಾಗಿ ನಮ್ಮ ಯಂತ್ರದಿಂದಲೇ ತೆಲುಗಿಗೆ ಮಾಡಿಸಿ ಕೊಡುವ ಉದ್ದೇಶವಿತ್ತು. ಆದರೆ ಯಂತ್ರವು ‘ಬಂಡೆಪ್ಪ ಅರ್ಜಿ ಬರೆದನು’ ಎಂಬ ಮೊದಲ ವಾಕ್ಯಕ್ಕೇ ‘ಒಪ್ಪಲಾಗದು: ಬಂಡೆಪ್ಪ ಇಲ್ಲ’ ಎಂದು ನಿಂತುಬಿಟ್ಟಿತು. ಆದ್ದರಿಂದ ಕೈಬರಹದಲ್ಲಿದೆ. ಯಂತ್ರ ಹಾಗೇಕೆ ಅಂದಿತು ಎಂಬುದು ಕೆಳಗೆ ತಾನಾಗಿ ತಿಳಿಯುತ್ತದೆ.

೧. ನಾನು ಹಗಲು ಆಬಿಡ್ಸಿನ ಒಂದು ಬಟ್ಟೆಯಂಗಡಿಯಲ್ಲಿ ಬಿಲ್ಲು ಬರೆಯುತ್ತ, ಸಂಜೆ ಕಾಲೇಜಿನಲ್ಲಿ ಬಿ.ಎ. ಮುಗಿಸಿದವನು. ಕಂಪ್ಯೂಟರು ಕಲಿತದ್ದೂ ದಿಲ್‌ಸುಖ್‌ನಗರದ ಸಂಜೆಯ ತರಗತಿಯಲ್ಲೇ. ಹಗಲು ಕಾಲೇಜಿನವರಿಗೆ ನಮಗೆ ಹೇಳದ ಏನೋ ಒಂದನ್ನು ಹೇಳಿಕೊಟ್ಟಿರುತ್ತಾರೆ ಎಂಬ ಅನುಮಾನ ನನಗೆ ಇಂದಿಗೂ ಹೋಗಿಲ್ಲ. ಆದ ಕಾರಣ, ಹೇಳಿದ ಕೆಲಸಕ್ಕಿಂತ ಸ್ವಲ್ಪ ಹೆಚ್ಚೇ ಮಾಡಿಬಿಡುವ ಚಟ ನನಗಿದೆ. ಈ ಅರ್ಜಿಗೆ ಮೂಲ ಕಾರಣ ಆ ಚಟವೇ ಹೊರತು ಯಂತ್ರವಲ್ಲ ಎಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ.

೨. ಕನ್ನಡ ವಾಕ್ಯವನ್ನು ತೆಲುಗಿಗೂ ಹಿಂದಿಗೂ ತಿರುಗಿಸುವ ನಮ್ಮ ಯಂತ್ರಕ್ಕೆ ಮೊದಲು ಕನ್ನಡ ಗೊತ್ತಾಗಬೇಕಷ್ಟೆ. ಅದಕ್ಕಾಗಿ ಹೋದ ವರ್ಷ ಕ್ರಿಯಾಪದಗಳ ಪಟ್ಟಿಯೊಂದನ್ನು ನನಗೆ ಕೊಟ್ಟು, ಒಂದೊಂದಕ್ಕೂ ಗಂಡಸಿನ ಹೆಸರಿನಲ್ಲಿ ಒಂದು, ಹೆಂಗಸಿನ ಹೆಸರಿನಲ್ಲಿ ಒಂದು ವಾಕ್ಯ ಬರೆಯಲು ತಾವು ಆದೇಶಿಸಿದಿರಿ. ಯಾವ ಹೆಸರು ಎಂಬುದು ಆದೇಶದಲ್ಲಿರಲಿಲ್ಲ.

ಹೆಸರು ಆರಿಸಲು ನಾನು ಪಟ್ಟ ಕಷ್ಟ ಯಾರಿಗೂ ತಿಳಿಯದು. ದೇವರ ಹೆಸರು ಹಾಕಿದರೆ ‘ಕದ್ದನು’, ‘ಬಿದ್ದನು’ ಬಂದಾಗ ಪಾಪ. ಕಚೇರಿಯವರ ಹೆಸರು ಹಾಕಿದರೆ ಶಿಸ್ತಿನ ಉಲ್ಲಂಘನೆ. ‘ವಿಶಾಲಾಕ್ಷಿ ಅತ್ತಳು’ ಎಂದು ನಾನು ಹೇಗೆ ಬರೆಯಲಿ? ಪಕ್ಕದ ಮನೆಯವರ ಹೆಸರು ಹಾಕೋಣವೆಂದರೆ, ಪರರ ಮನೆಯ ಹೆಣ್ಣುಮಗಳನ್ನು ಆಕೆಗೆ ತಿಳಿಯದಂತೆ ಕಾಗದದ ಮೇಲೆ ಏಳಿಸುವುದು, ಕೂರಿಸುವುದು, ಮಲಗಿಸುವುದು ಸರಿಯೆನಿಸಲಿಲ್ಲ. ಹೀಗೆ ಒಬ್ಬೊಬ್ಬರನ್ನೇ ಬಿಡುತ್ತಾ ಬಂದು, ನನಗೆ ಹಕ್ಕಿರುವುದು ಎರಡೇ ಹೆಸರಿನ ಮೇಲೆ ಎಂಬ ತೀರ್ಮಾನಕ್ಕೆ ಬಂದೆ. ಒಂದು ನನ್ನದು, ಇನ್ನೊಂದು ಶಿವದೇವಿಯದು.

ಪಟ್ಟಿ ಅಕಾರಾದಿಯಲ್ಲಿತ್ತು. ಆದ್ದರಿಂದ ಶಿವದೇವಿ ಮೊದಲು ಅತ್ತಳು, ಆಮೇಲೆ ಆಡಿದಳು, ಉಂಡಳು, ಓದಿದಳು, ನಕ್ಕಳು. ನಾನೂ ಹಿಂದೆ ಹಿಂದೆಯೇ ಎಲ್ಲ ಮಾಡಿದೆ. ಹಾಗೆ ಮಾಡುತ್ತಾ ಮಾಡುತ್ತಾ ಸಕಾರಕ್ಕೆ ಬಂದೆವು. ‘ಬಂಡೆಪ್ಪ ಸತ್ತನು. ಶಿವದೇವಿ ಸತ್ತಳು’ (ಬಿಡ್ತು). ಹಕಾರ ಅದರ ನಂತರ ಬರುತ್ತದೆ. ‘ಬಂಡೆಪ್ಪ ಹಾಡಿದನು. ಶಿವದೇವಿ ಹಾಡಿದಳು.’ ‘ಹೆರು’ ಎಂಬ ಕ್ರಿಯಾಪದಕ್ಕೆ ನನ್ನ ಹೆಸರು ಹೊಂದದ ಕಾರಣ ಒಂದೇ ವಾಕ್ಯ ಬರೆದೆ: ‘ಶಿವದೇವಿ ಮಗಳನ್ನು ಹೆತ್ತಳು.’ ಮಗಳನ್ನು ಎಂದು ಬರೆದದ್ದಕ್ಕೆ ಆಗ ಮನೆಯಲ್ಲಿ ಕಾರಣವಿತ್ತು. ಅದನ್ನು ಕಲಂ ೭ರಲ್ಲಿ ನೋಡಬಹುದು.

೩. ಮೇಲೆ ಆವರಣದಲ್ಲಿ ‘ಬಿಡ್ತು’ ಎಂದು ಬರೆದಿರುವುದನ್ನು ತಾವು ಗಮನಿಸಿರಬಹುದು. ಮೊದಲ ಕರಡಿನಲ್ಲೂ ಇಂಥ ಪ್ರತಿಯೊಂದು ವಾಕ್ಯದ ಮುಂದೆ ಹಾಗೆ ಬರೆದಿದ್ದೆ. ‘ಬಿದ್ದನು’ ಬಂದಾಗ ಬಿಡ್ತು, ‘ಮುಳುಗಿದಳು’ ಬಂದಾಗ ಬಿಡ್ತು. ಕರಡು ನೋಡಿದ ತಾವು ಕನ್ನಡಕ ತೆಗೆದು ಕೇಳಿದಿರಿ:

“ಬಂಡೆಪ್ಪ, ಇದು ವಾಕ್ಯದ ಭಾಗವಾ?”

“ಅಲ್ಲರಿ ಮೇಡಂ.”

“ಮತ್ತೆ ಯಾತಕ್ಕೆ ಬರೆದಿದ್ದೀರಿ?”

“ಹಂಗ ರೂಢಿರಿ ಮೇಡಂ.”

“ನಮ್ಮ ಮನೆಯಲ್ಲೂ ಅಂತಾರೆ. ಆದರೆ ಯಂತ್ರಕ್ಕೆ ರೂಢಿ ಇಲ್ಲ. ತೆಗೆದುಬಿಡಿ.”

ತೆಗೆದೆ. ಬಹಳ ಎಚ್ಚರಿಕೆಯಿಂದ, ಒಂದೂ ಉಳಿಯದಂತೆ ತೆಗೆದೆ. ತಮ್ಮ ಆದೇಶವನ್ನು ಇಷ್ಟು ಚೆನ್ನಾಗಿ ಪಾಲಿಸಿದ್ದಕ್ಕೆ ಈಗ ಪಶ್ಚಾತ್ತಾಪ ಪಡುತ್ತಿದ್ದೇನೆ.

೪. ಶ್ರೀ ನರಸಿಂಗರಾವ್ ಅವರು ವ್ಯಾಕರಣದ ನಿಯಮಗಳನ್ನು ಯಂತ್ರಕ್ಕೆ ತಿಳಿಸಲು ಸ್ವತಃ ಒಂದು ಚಿಕ್ಕ ಗಣಕ ಭಾಷೆ ಕಟ್ಟಿರುವುದು ತಮಗೆ ತಿಳಿದೇ ಇದೆ. ಆ ಭಾಷೆಯಲ್ಲಿ ಹೇಳಲು ಆಜ್ಞೆಯಿದೆ, ಕೇಳಲು ಆಜ್ಞೆಯಿದೆ. ಹೇಳಿದ್ದನ್ನು ಅಳಿಸಲು ಇಲ್ಲ. ಅಳಿಸಲು ಅವಕಾಶ ಕೊಟ್ಟರೆ ಜನ ಯೋಚಿಸದೆ ಬರೆಯುತ್ತಾರೆ, ಕೊಡದಿದ್ದರೆ ಯೋಚಿಸಿ ಬರೆಯುತ್ತಾರೆ ಎಂಬುದು ಅವರ ಸಿದ್ಧಾಂತ. ಯೋಚಿಸಿ ಬರೆದವರ ಗತಿ ಏನಾಗುತ್ತದೆ ಎಂಬುದಕ್ಕೆ ನಾನು ಉದಾಹರಣೆ.

ಅವರು ನನ್ನ ಪಟ್ಟಿಯನ್ನೇ ನಡೆದ ಸಂಗತಿಗಳೆಂದು ಯಂತ್ರಕ್ಕೆ ಕೊಟ್ಟು, ಪ್ರಶ್ನೆ ಕೇಳಿದರೆ ಉತ್ತರ ಬರುವಂತೆ ಮಾಡಿದರು. ‘ಯಾರು ಉಂಡರು?’ ಎಂದರೆ ‘ಬಂಡೆಪ್ಪ, ಶಿವದೇವಿ’ ಎನ್ನುತ್ತಿತ್ತು. ಎಲ್ಲರಿಗೂ ಸಂತೋಷವಾಯಿತು. ನನಗೆ ಮಾತ್ರ ಒಂದು ಕೊರೆಯತೊಡಗಿತು. ಸತ್ತ ಬಂಡೆಪ್ಪ ಮರುಸಾಲಿನಲ್ಲೇ ಹಾಡುತ್ತಿದ್ದಾನೆ, ಯಾರಾದರೂ ದೊಡ್ಡವರು ನೋಡಿದರೆ ಸಂಸ್ಥೆಯ ಮರ್ಯಾದೆ ಏನಾಗಬೇಕು? ಸುಮ್ಮನಿರಬಹುದಿತ್ತು. ಟಿಪ್ಪಣಿ ಬರೆದೆ. ‘ಒಳ್ಳೆಯ ಗಮನ’ ಎಂದು ತಾವು ಅದರ ಮೇಲೆ ಬರೆದಿರಿ. ಅದನ್ನು ಮನೆಯಲ್ಲಿ ಶಿವದೇವಿಗೂ ತೋರಿಸಿದ್ದೆ. ಮರುದಿನವೇ ನರಸಿಂಗರಾವ್ ಅವರು ‘ಸತ್ತವರು ಆಮೇಲೆ ಏನೂ ಮಾಡಲಾರರು’ ಎಂಬ ನಿಯಮ ಸೇರಿಸಿದರು. ಅಂದಿನಿಂದ ಹಕಾರದ ಯಾವ ಕ್ರಿಯೆಯನ್ನೂ ಯಂತ್ರವು ನಮ್ಮಿಬ್ಬರಿಂದ ಒಪ್ಪುತ್ತಿಲ್ಲ.

೫. ವಾಕ್ಯ ಬದಲಾವಣೆ ಸಮಿತಿಯ ರಚನೆಗೆ ಸಲಹೆ ಕೊಟ್ಟವನೂ ನಾನೇ. ಇದರ ಬಗ್ಗೆ ಹೆಚ್ಚು ಬರೆಯಲು ಇಷ್ಟವಿಲ್ಲ. ಪಟ್ಟಿಯ ಪ್ರತಿಗಳು ಪರೀಕ್ಷೆಗಾಗಿ ಬೇರೆ ಊರುಗಳ ಕೇಂದ್ರಗಳಿಗೆ ಹೋಗಿವೆ, ಎಲ್ಲೆಡೆ ಒಂದೇ ಪಟ್ಟಿ ಇರಬೇಕು, ಆದ್ದರಿಂದ ಪರೀಕ್ಷೆ ಮುಗಿಯುವ ತನಕ ಒಂದು ಅಕ್ಷರವೂ ಬದಲಾಗಬಾರದು ಎಂಬ ನಿಯಮದ ಕರಡು ನನ್ನ ಕೈಬರಹದಲ್ಲಿದೆ.

೬. ಈಗ ಘಟನೆ. ನಮ್ಮ ಅತ್ತೆಯವರಾದ ಬಸಲಿಂಗಮ್ಮನವರು ಇಳಕಲ್ಲಿನಿಂದ ಮಗಳ ಕುಬಸಕ್ಕೆಂದು ಬಂದಿದ್ದಾರೆ. (ಕುಬಸ ಮಾಡುವುದು ಯಾವಾಗ ಎಂಬುದು ತಮಗೆ ತಿಳಿದಿರುವುದರಿಂದ ಬೇರೆ ವಿವರಣೆ ಕೊಡುತ್ತಿಲ್ಲ. ತಮ್ಮ ಕಡೆ ಸೀಮಂತ ಎನ್ನುವುದು ಇದಕ್ಕೇ. ಏಳನೆಯದು.) ಸಿಬ್ಬಂದಿಯ ಮನೆಯವರು ಕಚೇರಿ ನೋಡಲು ಬರಬಹುದೆಂದು ತಾವು ಗೊತ್ತುಮಾಡಿದ್ದ ದಿನ ಅತ್ತೆಯವರು ಬೆಳಿಗ್ಗೆಯೇ ರೇಷ್ಮೆ ಸೆರಗಿನ ಸೀರೆ ಉಟ್ಟು ಕೂತಿದ್ದರು.

“ಅಳಿಯಾರ, ನಿಮ್ಮ ಕಚೇರಿ ಒಮ್ಮಿ ಕಣ್ಣೀಲೆ ನೋಡತೀನ್ರಿ. ಊರಾಗ ಕೇಳತಾರ, ಅಳಿಯ ಏನ ಕೆಲಸ ಮಾಡ್ತಾನ ಅಂತ. ಕಂಪ್ಯೂಟರಿಗೆ ಕನ್ನಡ ಕಲಸ್ತಾನ ಅಂದ್ರ ನಗ್ತಾರ. ಕನ್ನಡ ಕಲಿಲಾರದ ಹುಡುಗರು ನಮ್ಮ ಓಣ್ಯಾಗ ಭಾಳ ಅದಾವ, ಅವಕ್ಕ ಕಲಸು ಅನ್ನು ಅಂತಾರ.”

ಕಚೇರಿಯಲ್ಲಿ ನರಸಿಂಗರಾವ್ ಅವರು ಬಹಳ ಆದರದಿಂದ ಕುರ್ಚಿ ಎಳೆದು ಕೂರಿಸಿದರು. ಅವರ ಕನ್ನಡ ನನ್ನಿಂದಲೇ ಕಲಿತದ್ದಾದ್ದರಿಂದ ಅದರಲ್ಲಿರುವ ದೋಷಗಳಿಗೆ ನಾನು ಹೊಣೆ.

“ಅಮ್ಮಾ, ಏನ್ ಬೇಕಾದ್ರೂ ಅಡಗಂಡಿ. ಕೇಳ್ರಿ, ಕೇಳ್ರಿ. ಇದು ಜವಾಬು ಕೊಡ್ತೈತಿ.”

“ಏನ ಕೇಳಿದ್ರೂ ಹೇಳತೈತೇನಪಾ?”

“ಏನ್ ಕೇಳಿದ್ರೂ.”

“ಹಂಗಾರ ನಮ್ಮ ಶಿವದೇವಿ ಏನ ಹಡಿತಾಳ, ಕೇಳು.”

ನರಸಿಂಗರಾವ್ ಒಳ್ಳೆಯ ಮನುಷ್ಯರು. ಪಟ್ಟಿಯ ಕೊನೆಯಲ್ಲಿ ‘ಮಗಳನ್ನು ಹೆತ್ತಳು’ ಎಂಬ ವಾಕ್ಯ ಇರುವುದು ಅವರಿಗೆ ನೆನಪಿತ್ತು, ನಿಯಮ ಸೇರಿಸಿದ್ದು ನೆನಪಿರಲಿಲ್ಲ. ಮುದುಕಿಯ ಮುಖ ಅರಳಲೆಂದು, ನಾನು ತಡೆಯುವುದರೊಳಗೆ ‘ಶಿವದೇವಿ ಏನನ್ನು ಹೆತ್ತಳು?’ ಎಂದು ಒತ್ತಿಬಿಟ್ಟರು. ಪರದೆಯ ಮೇಲೆ ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಬಂತು:

‘ಒಪ್ಪಲಾಗದು: ಶಿವದೇವಿ ಇಲ್ಲ. ಶಿವದೇವಿ ಸತ್ತಳು.’ (ಬಿಡ್ತು. ಬಿಡ್ತು.)

ಅತ್ತೆಯವರಿಗೆ ಓದು ಬಾರದು. ಅವರು ಮಗಳ ಕಡೆ ತಿರುಗಿದರು. “ಏನ ಬಂತವ್ವಾ? ಇಷ್ಟುದ್ದ ಬಂತಲ್ಲ?”

ಶಿವದೇವಿ ಪರದೆ ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಆಮೇಲೆ ತಾಯಿಗೆ ಹೇಳಿದಳು: “ಮಗಳು ಅಂತ ಬಂದೈತಿ ಅವ್ವಾ. ತಾಯಿ ಮಗಳು ಇಬ್ಬರೂ ಆರಾಮ ಅದಾರ ಅಂತ ಬಂದೈತಿ.”

“ಮಗಳಾ?” ಅತ್ತೆಯವರು ಕುರ್ಚಿಯನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡು, “ಇನ್ನೊಮ್ಮಿ ಒತ್ತಿ ನೋಡಪಾ ತಮ್ಮಾ” ಎಂದರು.

“ಕರೆಂಟ್ ಹೋಯ್ತಮ್ಮಾ” ಎಂದು ನರಸಿಂಗರಾವ್ ಗುಂಡಿ ಒತ್ತಿ ಪರದೆ ಆರಿಸಿದರು. ತಲೆಯ ಮೇಲೆ ಫ್ಯಾನು ತಿರುಗುತ್ತಲೇ ಇತ್ತು.

ಹಿಂದಿರುಗುವ ಬಸ್ಸಿನಲ್ಲಿ ಹೆಂಗಸರು ಮುಂದೆ, ನಾನು ಹಿಂದೆ. ಶಿವದೇವಿ ಕಿಟಕಿಯ ಹೊರಗೆ ನೋಡುತ್ತಿದ್ದಳು. ಕುಷಾಯಿಗೂಡದವರೆಗೆ ನನಗೆ ಕಂಡದ್ದು ಅವಳ ಜಡೆ ಮಾತ್ರ.

೭. ಮನೆ ಮುಟ್ಟಿದ ಕೂಡಲೇ ಅತ್ತೆಯವರು ಪಕ್ಕದ ಮನೆಯ ಸುಂದರಾಬಾಯಿಯವರಿಗೆ ಸುದ್ದಿ ಹೇಳಲು ಹೋದರು. ಶಿವದೇವಿ ರೊಟ್ಟಿಗೆ ಹಿಟ್ಟು ಕಲಸುತ್ತಿದ್ದಳು. ಉಲ್ಲೇಖ (೩)ರಲ್ಲಿ ಹೇಳಿರುವ ಮೌಖಿಕ ಸೂಚನೆ ಇಲ್ಲಿಂದ ಆರಂಭ.

“ಜಗತ್ತಿನ್ಯಾಗ ಎಷ್ಟ ಹೆಸರ ಅದಾವ್ರಿ. ನನ್ನದ ಬೇಕಾಗಿತ್ತೇನು?”

“ಬ್ಯಾರೇ ಮನಿ ಹೆಣ್ಣಮಕ್ಕಳ ಹೆಸರ ಹೆಂಗ ಬರೀಲಿ? ತಪ್ಪಾಗ್ತೈತಲ್ಲ?”

“ಹೌದಲ್ಲ. ಮನ್ಯಾಕಿದು ಆದ್ರ ತಪ್ಪಿಲ್ಲ.”

“ನನ್ನ ಹೆಸರೂ ಬರದೀನಿ. ಅದರಾಗ ನಾನೂ ಇಲ್ಲ.”

“ಚಲೋ ಆತ ಬಿಡ್ರಿ. ಜೋಡಿಲೆ ಹೋಗೀವಿ.”

“ಏ, ಬಿಡ್ತು ಅನ್ನು!” ಎಂದು ನಾನು ಕೂಗಿಬಿಟ್ಟೆ. ನಾನು ಬಿ.ಎ. ಓದಿದವನು, ಸಂಶೋಧನಾ ಸಂಸ್ಥೆಯಲ್ಲಿರುವವನು.

“ಬಿಡ್ತು” ಎಂದಳು. ಹಿಟ್ಟಿನ ಕೈ ಹಾಗೇ ಹಿಡಿದುಕೊಂಡು ನನ್ನ ಕಡೆ ತಿರುಗಿದಳು. “ನೋಡ್ರಿ, ನನ್ನ ಬಾಯಿಂದ ಬಂತು, ನಾ ಅಂದೆ. ಅದು ಯಾವಾಗ ಅಂತೈತಿ?”

“ಅದು ಕಂಪ್ಯೂಟರ್ ಐತಿ, ಶಿವದೇವಿ.”

“ಅಶುಭ ಆಡಾಕ ಬಂತಲ್ಲ ಅದಕ್ಕ? ಬಿಡ್ತು ಅನ್ನಾಕೂ ಬರಬೇಕು.”

ನಾನು ತವೆಯನ್ನು ಒಲೆಯ ಮೇಲಿಟ್ಟೆ. ಅವಳು ಮೊದಲ ರೊಟ್ಟಿಯನ್ನು ಅದರ ಮೇಲೆ ಹಾಕಿ, ಎರಡನೆಯದನ್ನು ಬಡಿಯುತ್ತಾ ಕೇಳಿದಳು: “ಆ ಪಟ್ಟಿ ಯಾವಾಗ ಬರದಿದ್ರಿ?”

“ಹೋದ ವರ್ಷ. ಮಳಿಗಾಲದಾಗ.”

ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ತವೆಯ ಮೇಲಿದ್ದುದು ಕರಕಾಯಿತು. ಹೋದ ವರ್ಷ ಮಳೆಗಾಲದಲ್ಲಿ ಮನೆಯಲ್ಲಿ ಇಂಥದೇ ಒಂದು ನಿರೀಕ್ಷೆ ಇದ್ದು, ಅದು ಮುಂದುವರಿಯದೆ ನಿಂತುಹೋಗಿತ್ತು ಎಂಬುದನ್ನು ತಮ್ಮ ಗಮನಕ್ಕೆ ತರುತ್ತೇನೆ. ಆಗ ನಾನು ರಜೆಯ ಅರ್ಜಿಯಲ್ಲಿ ‘ಸ್ವಂತ ಕೆಲಸ’ ಎಂದು ಬರೆದಿದ್ದೆ. ಅವಳಿಗೆ ಆಗಲೂ ಮಗಳೇ ಬೇಕಾಗಿತ್ತು. ಪಟ್ಟಿಗೂ ಅದಕ್ಕೂ ಯಾವ ಸಂಬಂಧವೂ ಇಲ್ಲವೆಂದು ನನಗೆ ಗೊತ್ತಿದೆ. ಅವಳಿಗೂ ಗೊತ್ತಿದೆ, ಅವಳೂ ಬಿ.ಎ. ಗೊತ್ತಿರುವುದು ಇಬ್ಬರಿಗೂ ಸಾಲುತ್ತಿಲ್ಲ, ಅಷ್ಟೆ.

“ಅವ್ವಗ ಸುಳ್ಳ ಹೇಳೀನ್ರಿ” ಎಂದಳು. “ಅದು ಸುಳ್ಳ ಆಗಬಾರದು. ಅದರ ಬಾಯಿಂದ ಬಿಡ್ತು ಬರೂತನಕ ನಾ ತವರಿಗೆ ಹೋಗಾಂಗಿಲ್ಲ.”

೮. ಇದರಿಂದಾಗಿರುವ ತೊಂದರೆ ಹೀಗಿದೆ. ಕುಬಸ ಆಯಿತು. ಬರುವ ಸೋಮವಾರಕ್ಕೆ ಇಮ್ಲಿಬನ್ನಿನ ನಿಲ್ದಾಣದಿಂದ ಇಳಕಲ್ಲಿಗೆ ಬಸ್ಸು ಗೊತ್ತುಮಾಡಿದೆ. ಅದು ತಪ್ಪಿದರೆ ಎಂಟನೆಯ ತಿಂಗಳಿಗೆ ಬೀಳುತ್ತದೆ, ಎಂಟರಲ್ಲಿ ಬಸುರಿಯನ್ನು ಅಷ್ಟು ದೂರ ಕರೆದುಕೊಂಡು ಹೋಗುವುದಿಲ್ಲ ಎಂಬುದು ಅತ್ತೆಯವರ ಕಟ್ಟುನಿಟ್ಟು. ಇಲ್ಲೇ ಹೆರಿಗೆಯಾದರೆ ನೋಡಿಕೊಳ್ಳುವವರು ನಾನೊಬ್ಬನೇ. ನನ್ನ ಎಚ್ಚರಿಕೆಯ ಸ್ವಭಾವದಿಂದ ಇದುವರೆಗೆ ಆಗಿರುವುದನ್ನು ತಾವು ಮೇಲೆ ಓದಿದ್ದೀರಿ. ಮಗಳು ಯಾಕೆ ಹೊರಡುತ್ತಿಲ್ಲವೆಂದು ಅತ್ತೆಯವರಿಗೆ ಅರ್ಥವಾಗುತ್ತಿಲ್ಲ. “ಗಂಡನ್ನ ಬಿಟ್ಟ ಬರಾಕ ಮನಸಿಲ್ಲ ಇಕಿಗೆ” ಎಂದು ಸುಂದರಾಬಾಯಿಯವರ ಮುಂದೆ ಹೇಳುತ್ತಿದ್ದಾರೆ. ಇದು ನಿಜವಲ್ಲವೆಂದು ತಿಳಿಸಲು ನನಗೆ ಧೈರ್ಯವಿಲ್ಲ, ಮನಸ್ಸೂ ಇಲ್ಲ.

ಮೇಲಾಗಿ, ಕುಬಸದಲ್ಲಿ ಉಡಿ ತುಂಬಲು ಬಂದ ಹೆಂಗಸರಿಗೆಲ್ಲ ಅತ್ತೆಯವರು “ತಾಯಿ ಮಗಳು ಆರಾಮ ಅಂತ ಕಂಪ್ಯೂಟರ್‌ನ ಹೇಳೈತಿ” ಎಂದು ಹೇಳಿದ್ದಾರೆ. ತಮ್ಮ ಸೊಸೆಯದನ್ನೂ ಕೇಳಿಸಿಕೊಡಿ ಎಂದು ಸುಂದರಾಬಾಯಿಯವರು ನನಗೆ ಗಂಟುಬಿದ್ದಿದ್ದಾರೆ. ಸೊಸೆಯ ಹೆಸರು ಪಟ್ಟಿಯಲ್ಲಿಲ್ಲ, ಅವರ ಪುಣ್ಯ.

೯. ಬೇರೆ ಉಪಾಯ ನೋಡಲಿಲ್ಲವೆಂದು ತಾವು ಭಾವಿಸಬಾರದು. ಸಾಲನ್ನು ತೆಗೆಯುವಂತಿಲ್ಲ: ಕಲಂ ೫. ಅಳಿಸುವಂತಿಲ್ಲ: ಕಲಂ ೪. ನರಸಿಂಗರಾವ್ ಅವರು, ಪಟ್ಟಿ ಮುಟ್ಟದೆ ‘ಶಿವದೇವಿ-೨’ ಎಂದು ಇನ್ನೊಬ್ಬಳನ್ನು ಸೇರಿಸಿ, ಹಕಾರದ ಕ್ರಿಯೆಗಳನ್ನೆಲ್ಲ ಅವಳ ಹೆಸರಿಗೆ ಬರೆಯಬಹುದು ಎಂದರು. ನನಗೆ ಬಹಳ ಚೆನ್ನಾಗಿದೆ ಅನ್ನಿಸಿತು. ಮನೆಯಲ್ಲಿ ಹೇಳಿದೆ.

“ಎರಡನೇಕಿ ಯಾರ್ರಿ? ನಾ ಹೋದಮ್ಯಾಲ ಮಾಡ್ಕೊಂಡಾಕೇನು?”

ಆ ಪ್ರಸ್ತಾವವನ್ನು ಅಲ್ಲಿಗೇ ಕೈಬಿಡಲಾಯಿತು.

೧೦. ಕಡೆಗೆ ಶಿವದೇವಿಯ ಬೇಡಿಕೆಯನ್ನೇ ನರಸಿಂಗರಾವ್ ಅವರ ಮುಂದಿಟ್ಟೆ. ಕಚೇರಿಯ ಎದುರಿನ ಇರಾನಿ ಹೋಟೆಲಿನಲ್ಲಿ ಚಹಾ ಕುಡಿಯುತ್ತಾ ‘ಬಿಡ್ತು’ ಎಂದರೆ ಏನು ಎಂದು ಅವರಿಗೆ ವಿವರಿಸಿದೆ. ಅವರು ನಗುತ್ತಾರೆಂದುಕೊಂಡಿದ್ದೆ. ಬಿಸ್ಕತ್ತು ಚಹಾದಲ್ಲಿ ಮುರಿದು ಬಿದ್ದದ್ದೂ ಅವರಿಗೆ ತಿಳಿಯಲಿಲ್ಲ.

“ಅಂದ್ರೆ ಇದು ಅಳಿಸೋದು ಅಲ್ಲ ಕದಾ, ಬಂಡೆಪ್ಪಗಾರೂ?”

“ಅಲ್ಲರಿ. ಆಡಿದ ಮಾತು ಆಡಿದ್ದ. ಎಲ್ಲಾರಿಗೂ ನೆನಪಿರತೈತಿ.”

“ಮಾತು ಇರತೈತಿ. ಅದರ ಪವರ್ ಹೋಗತೈತಿ.”

“ಹೂಂನ್ರಿ.”

“ಪಟ್ಟಿ ಹಂಗೇ ಇರತೈತಿ! ಮುಂದಿನ ವಾಕ್ಯಕ್ಕೆ ಮಾತ್ರ ತಗಲಂಗಿಲ್ಲ. ಅರೇ, ನನ್ನ ಭಾಷೆಯಾಗ ಇದು ಯಾಕೆ ಇಲ್ಲ?” ಎಂದು ತಮ್ಮನ್ನು ತಾವೇ ಕೇಳಿಕೊಂಡರು. ಆಮೇಲೆ, “ಮಾ ಅಮ್ಮ ಆದ್ರೆ ಬಾಯಿ ಮ್ಯಾಲೆ ಒಂದು ಹಾಕ್ತಿದ್ಲು. ಅದನ್ನ ಪ್ರೋಗ್ರಾಂ ಮಾಡೋದು ಕಷ್ಟ. ಇದು ಸುಲಭ” ಎಂದರು.

ಸುಲಭವೆಂದರೂ, ನಿಯಮ ಬರೆಯಲು ಕೆಲವು ಸ್ಪಷ್ಟೀಕರಣಗಳು ಅವರಿಗೆ ಬೇಕಾದವು. ಅವನ್ನು ಮನೆಯಿಂದ ಪಡೆದು ಇಲ್ಲಿ ಕೊಟ್ಟಿದ್ದೇನೆ:

(ಅ) ಯಾರು ಅನ್ನಬೇಕು? ಆಡಿದವರೇ ಅನ್ನಬೇಕು. ಚಿಕ್ಕ ಮಕ್ಕಳ ಪರವಾಗಿ ದೊಡ್ಡವರು ಅನ್ನಬಹುದು. ಯಂತ್ರವನ್ನು ಮಗುವೆಂದು ಭಾವಿಸಿ ನಾನೇ ಅನ್ನಬಹುದೇ ಎಂದು ಕೇಳಿದ್ದಕ್ಕೆ ಬಂದ ಉತ್ತರ: “ಅದು ಕೂಸಲ್ಲ. ಅದಕ್ಕ ನಿಮಗಿಂತ ಹೆಚ್ಚ ಗೊತ್ತೈತಿ ಅಂತ ನೀವ ಹೇಳ್ತಿದ್ರಿ.”

(ಆ) ಎಷ್ಟು ಹೊತ್ತಿನೊಳಗೆ ಅನ್ನಬೇಕು? ಕೂಡಲೇ. ತಡವಾದರೆ? “ತಡಾ ಆಗೈತಲ್ಲ, ಅದಕ್ಕ ಲಗೂನ ಅನ್ನಸ್ರಿ.” ಈ ಉತ್ತರದಿಂದ ನಿಯಮ ಬರೆಯಲಾಗುವುದಿಲ್ಲವೆಂದು ನರಸಿಂಗರಾವ್ ಅವರ ಅಭಿಪ್ರಾಯ.

(ಇ) ಹಿಂದಿನ ಎಷ್ಟು ಮಾತುಗಳಿಗೆ ಅದು ಅನ್ವಯಿಸುತ್ತದೆ? ಒಂದಕ್ಕೆ. ಒಳ್ಳೆಯ ಮಾತುಗಳಿಗೆ ತಗುಲದು. ಅಂದರೆ ಶಿವದೇವಿ ಉಂಡದ್ದು, ಓದಿದ್ದು, ನಕ್ಕದ್ದು ಎಲ್ಲವೂ ಹಾಗೆಯೇ ಇರುತ್ತವೆ.

(ಈ) ಯಂತ್ರ ಮನಸ್ಸಿಟ್ಟು ಅನ್ನುತ್ತದೆಯೇ? ಇದು ನನ್ನ ಸ್ವಂತ ಆಕ್ಷೇಪ. ಉತ್ತರ: “ಮನಸ್ಸಿಟ್ಟ ಆಡಿತ್ತೇನು? ಅಂದ್ರ ಸಾಕು.”

೧೧. ಸದಸ್ಯ ಕಾರ್ಯದರ್ಶಿಯಾಗಿ ಈ ಅರ್ಜಿಯ ವಿರುದ್ಧ ಹೇಳಬೇಕಾದುದನ್ನೂ ಹೇಳುವುದು ನನ್ನ ಕರ್ತವ್ಯ. ಸಂಶೋಧನೆಯ ಹಣದಲ್ಲಿ ನಡೆಯುವ ಯಂತ್ರವನ್ನು ಮನೆಯ ಕೆಲಸಕ್ಕೆ ಬಳಸಿದಂತಾಗುತ್ತದೆ. ನಾಳೆ ಇನ್ನೊಬ್ಬರು ಯಂತ್ರದಿಂದ ಮಗುವಿಗೆ ದೃಷ್ಟಿ ತೆಗೆಸಿಕೊಡಿ ಎಂದು ಬರಬಹುದು. ಪರೀಕ್ಷಕರು ‘ಬಿಡ್ತು’ ಎಂಬ ಹೊಸ ಆಜ್ಞೆಯನ್ನು ನೋಡಿ ನಮ್ಮನ್ನು ಏನೆಂದುಕೊಳ್ಳುತ್ತಾರೋ ತಿಳಿಯದು. ಈ ಮೂರಕ್ಕೂ ಅರ್ಜಿದಾರನ ಬಳಿ ಉತ್ತರವಿಲ್ಲ. ಕಾರ್ಯದರ್ಶಿ ಅರ್ಜಿದಾರನನ್ನು ಮತ್ತೆ ಮತ್ತೆ ಕೇಳಿ ನೋಡಿದ್ದಾನೆ.

ಮೊನ್ನೆ ತಾವು ನನ್ನ ಮೇಜಿನ ಬಳಿ ನಿಂತು, “ಬಂಡೆಪ್ಪ, ಮನೇಲಿ ಎಲ್ಲ ಚೆನ್ನಾಗಿದಾರಾ? ಮುಖ ಒಂಥರಾ ಇದೆ” ಎಂದು ಕೇಳಿದಿರಿ. “ಆರಾಮ ಅದಾರ್ರಿ ಮೇಡಂ” ಎಂದೆ. ಅಲ್ಲೇ ಹೇಳಿದ್ದರೆ ಈ ಅರ್ಜಿ ಬೇಕಾಗುತ್ತಿರಲಿಲ್ಲವೇನೋ. ಆದರೆ ಬಾಯಿ ಬಿಟ್ಟು ಹೇಳಲು ಹೋದರೆ ಆ ಮಾತೇ ಬರುತ್ತದೆ. ಕಾಗದದ ಮೇಲಾದರೆ ಪಕ್ಕದಲ್ಲಿ ಆವರಣ ಹಾಕಿ ಬಿಡ್ತು ಎಂದು ಬರೆದುಕೊಳ್ಳಬಹುದು.

ಆದ್ದರಿಂದ, ಹಾಗೂ ಮೇಲಿನ ಎಲ್ಲ ಕಾರಣಗಳಿಂದ, ತಮ್ಮಲ್ಲಿ ಕೇಳಿಕೊಳ್ಳುವುದೇನೆಂದರೆ: ಪಟ್ಟಿಯ ಒಂದು ಅಕ್ಷರವನ್ನೂ ಮುಟ್ಟದೆ, ನರಸಿಂಗರಾವ್ ಅವರ ಭಾಷೆಗೆ ‘ಬಿಡ್ತು’ ಎಂಬ ಒಂದೇ ಒಂದು ಆಜ್ಞೆ ಸೇರಿಸಲು ಅಪ್ಪಣೆ ಕೊಡಬೇಕು. ನಾಳೆ ಶನಿವಾರ ಮಧ್ಯಾಹ್ನ ಶಿವದೇವಿ ಕಚೇರಿಗೆ ಬರುತ್ತಾಳೆ. ಯಂತ್ರ ಅವಳ ಎದುರಿಗೆ ಒಂದು ಸಲ ಅದನ್ನು ಅನ್ನಬೇಕು. ಅಕ್ಷರ ದೊಡ್ಡದಿದ್ದರೆ ಒಳ್ಳೆಯದು. ಅತ್ತೆಯವರೂ ಬರುತ್ತಾರೆ. ಅವರು ಬರುವುದು ಈ ಸಲ ಮಗ ಅಂತ ಬರುತ್ತದೆಯೋ ನೋಡಲು. ಅವರ ಮುಂದೆ ಯಾರೂ ಪರದೆಯನ್ನು ಗಟ್ಟಿಯಾಗಿ ಓದಬಾರದೆಂದು ಸಿಬ್ಬಂದಿಗೆ ಸುತ್ತೋಲೆ ಕಳಿಸಬೇಕು. ಸುತ್ತೋಲೆಯ ಕರಡು ಸಿದ್ಧವಿದೆ.

ನನ್ನ ಹೆಸರಿನ ಸಾಲಿಗೆ ‘ಬಿಡ್ತು’ ಅನ್ನಿಸಲು ಈ ಅರ್ಜಿಯಲ್ಲಿ ಕೋರಿಲ್ಲ. ಅದು ಹಾಗೆಯೇ ಇರಲಿ ಎಂದಿದ್ದೆ. ಈ ವಾಕ್ಯವನ್ನು ಇವತ್ತು ಬೆಳಿಗ್ಗೆ ಓದಿದ ಶಿವದೇವಿ, “ಎರಡೂ ಸಾಲಿಗೆ ಅನ್ನಸ್ರಿ, ಶ್ಯಾಣ್ಯಾ ಆಗಬ್ಯಾಡ್ರಿ” ಎಂದಿರುವ ಕಾರಣ, ಕೋರಿಕೆಯನ್ನು ಎರಡೂ ಸಾಲುಗಳಿಗೆ ಅನ್ವಯಿಸುವಂತೆ ತಿದ್ದಲಾಗಿದೆ.

ತಮ್ಮ ವಿಶ್ವಾಸಿ,
ಹಾಗೂ ಯಂತ್ರದ ಪ್ರಕಾರ ಸದ್ಯಕ್ಕೆ ಇಲ್ಲದ,
ಬಂಡೆಪ್ಪ

ಸದಸ್ಯ ಕಾರ್ಯದರ್ಶಿಯವರ ಷರಾ: ಪರಿಶೀಲಿಸಿದೆ. ಕಾರಣ ಈಗ ಸ್ಪಷ್ಟವಾಗಿದೆ. ಕೌಟುಂಬಿಕವೇ. ಲಗತ್ತು ೩ ಬಂದಿಲ್ಲ. ನಿಯಮದ ಪ್ರಕಾರ ಹಿಂತಿರುಗಿಸಬೇಕಾಗಿತ್ತು, ಹಿಂತಿರುಗಿಸಲು ಆಗಲಿಲ್ಲ. ಅಧ್ಯಕ್ಷರಿಗೆ ಕಳಿಸಿದೆ. — ಬಂಡೆಪ್ಪ

ಲಗತ್ತುಗಳು:
೧. ಯಂತ್ರದ ಉತ್ತರದ ಮುದ್ರಿತ ಪ್ರತಿ. (ಮಡಚಿ, ಮೇಲೆ ಅರಿಸಿನ ಕುಂಕುಮ ಹಚ್ಚಿದ್ದು ಮನೆಯಲ್ಲಿ. ಬಿಚ್ಚದಿರಲು ಕೋರಿದೆ.)
೨. ಮೊದಲ ಕರಡು, ‘ಬಿಡ್ತು’ಗಳ ಸಮೇತ.
೩. ಅರ್ಜಿದಾರನು ಬದುಕಿರುವ ಬಗ್ಗೆ ಪ್ರಮಾಣಪತ್ರ. (ಬಂದ ಮೇಲೆ ಸಲ್ಲಿಸಲಾಗುವುದು.)
೪. ಪರೀಕ್ಷಾ ವಾಕ್ಯ. ‘ಬಿಡ್ತು’ ಆದ ಕೂಡಲೇ, ಬೇರೆ ಯಾವುದಕ್ಕೂ ಮೊದಲು, ಇದನ್ನು ಯಂತ್ರಕ್ಕೆ ಕೊಟ್ಟು ನೋಡತಕ್ಕದ್ದು: ‘ಶಿವದೇವಿ ಮಗಳನ್ನು ಹೆತ್ತಳು.’ ನಿರೀಕ್ಷಿತ ಉತ್ತರ: ‘ಒಪ್ಪಿದೆ.’ ಮುಂದೆ ನಿಜದಲ್ಲಿ ಮಗ ಎಂದಾದರೆ ಅದನ್ನು ಯಂತ್ರದ ದೋಷವೆಂದು ಬರೆದುಕೊಳ್ಳಬಾರದಾಗಿ ವಿನಂತಿ.